ಮೈಗೆ ತಗಲದಂತೆ

“ಬೆನ್ನು ಅನ್ನೋದು ಹಟಮಾರಿ ಎತ್ತು ಇದ್ದಂಗೆ ಸ್ವಾಮಿ. ಒಂದು ದಪ ಒದ್ದರೆ ಏಳಾಕಿಲ್ಲ. ಅವತ್ತೇ ನೀವು ಇನ್ನೊಂದು ಒದೆ ತಿಂದಿದ್ರೆ ಇವತ್ತು ಹಿಂಗೆ ವಾರೆಯಾಗಿ ಕುಂತ್ಕಳೋದು ತಪ್ತಿತ್ತು.”

ಹುಚ್ಚಮ್ಮ ಈ ಮಾತನ್ನು ಕಿವಿಯ ಹತ್ತಿರ ಹೇಳಿದ್ದರೆ ಸುಂದರರಾಜ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಅವಳಿಗೆ ಗುಟ್ಟಿನ ದನಿಯನ್ನು ದೇವರು ಕೊಟ್ಟಿರಲಿಲ್ಲ. ಎರಡು ಹೊಲ ಆಚೆ ಇರುವವರನ್ನು ಕರೆದು ಪಳಗಿದ ಗಂಟಲು ಅದು. ಬೇಲೂರು ಬಿಟ್ಟ ಬಸ್ಸು ಊರಾಚೆಯ ಏರು ಹತ್ತಿ ಮುಗಿಸುವುದರೊಳಗೆ, ದೇವಸ್ಥಾನದ ಅಡುಗೆಯ ಸುಂದರರಾಜಯ್ಯಂಗಾರ್ರು ಬಾಳೆ ಎಲೆ ತರುವ ಮುದುಕಿಯಿಂದ ಬೆನ್ನಿಗೆ ಒದೆಸಿಕೊಂಡಿದ್ದಾರೆ ಎನ್ನುವುದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತಾಗಿಹೋಯಿತು. ಮುಂದಿನ ತಲೆಗಳು ಒಂದೊಂದಾಗಿ ತಿರುಗಿದವು. ಅವನು ಸೀಟಿನ ಅಂಚಿನಲ್ಲಿ ಒಂದೇ ಪಕ್ಕೆಯ ಮೇಲೆ ಭಾರ ಹಾಕಿ, ಎದುರಿನ ಕಬ್ಬಿಣದ ಸರಳನ್ನು ಎರಡು ಕೈಯಲ್ಲೂ ಹಿಡಿದು, ಕಿಟಕಿಯಾಚೆಯ ರಾಗಿ ಹೊಲವನ್ನು ಬಹಳ ಮುಖ್ಯವಾದದ್ದೇನೋ ಅಲ್ಲಿದೆ ಎಂಬಂತೆ ನೋಡತೊಡಗಿದ. ಚಕ್ರ ಗುಂಡಿಗೆ ಇಳಿದಾಗಲೆಲ್ಲ ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ಕಾದ ತಂತಿಯೊಂದನ್ನು ಯಾರೋ ಸರ್ರನೆ ಎಳೆದಂತಾಗುತ್ತಿತ್ತು. ಮುಖದಲ್ಲಿ ಅದು ಕಾಣಬಾರದೆಂದು ಅವನು ಮುಗುಳ್ನಗುವುದನ್ನು ರೂಢಿ ಮಾಡಿಕೊಂಡಿದ್ದ. ಈ ತಿಂಗಳಲ್ಲಿ ಅವನಷ್ಟು ಮುಗುಳ್ನಕ್ಕವರು ಬೇಲೂರಿನಲ್ಲಿ ಯಾರೂ ಇರಲಾರರು.

“ಒದ್ದೆಯಾ? ಸ್ವಾಮಿಗಳನ್ನ?” ಎಂದು ಮುಂದಿನ ಸೀಟಿನಿಂದ ದಪ್ಪ ವಿಭೂತಿಯ ಮುಖವೊಂದು ಪೂರ್ತಿ ತಿರುಗಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯ ಅದು. ವಸೂಲಿಗೆ ಬೇಲೂರಿಗೆ ಬಂದು ಹಿಂತಿರುಗುತ್ತಿದ್ದವನು.

“ನಾನು ಕಾಲು ಮುಂದಾಗಿ ಹುಟ್ಟಿದೋಳು ಕಣಪ್ಪ,” ಎಂದಳು ಹುಚ್ಚಮ್ಮ, ತಹಸೀಲ್ದಾರರು ತಮ್ಮ ಹುದ್ದೆ ಹೇಳಿಕೊಳ್ಳುವ ಧಾಟಿಯಲ್ಲಿ. “ಸೊಂಟ ಉಳುಕಿದೋರಿಗೆ ನನ್ನ ಎಡಗಾಲು ಮದ್ದು. ಅಮಲ್ದಾರ್ ಹೆಂಡ್ತಿ ಗಾಡಿ ಕಳಿಸಿ ಕರೆಸ್ಕಂಡಿದ್ಳು. ಮದುವೆ ಮನೇಗೆ ಮಾತ್ರ ಯಾರೂ ಕರೆಯಾಕಿಲ್ಲ. ಕಾಲು ಮುಂದಾಗಿ ಬಂದು ಅವ್ವನ್ನ ನುಂಗ್ಕಂಡೋಳು ಅಂತ. ಸೊಂಟ ಹಿಡಕಂಡಾಗ ಹುಚ್ಚಮ್ಮ ಎಲ್ಲಿ ಅಂತ ಹುಡುಕ್ತಾರೆ.”

“ಉಳುಕಲ್ಲ ಅದು, ವಾಯು,” ಎಂದ ಕರಿಬಸವಯ್ಯ ತೀರ್ಪಿನಂತೆ. “ನೋಡ್ರೀ ಸ್ವಾಮಿ, ಉದ್ದಿನಬೇಳೆ ಬಿಡಿ. ನಮ್ಮ ಅಣ್ಣ ದೇವೀರಪ್ಪನಿಗೂ ಹಿಂಗೇ ಆಗಿತ್ತು, ಆರು ತಿಂಗಳು ಉದ್ದು ಮುಟ್ಟಲಿಲ್ಲ, ಈಗ ಮೂಟೆ ಎತ್ತುತಾನೆ.”

“ಉದ್ದು ಬಿಟ್ರೆ ವಡೆ ಮಾಡೋರು ಯಾರು, ಇವರು ದೇವರ ಅಡುಗೆಯೋರು,” ಎಂದು ಕಂಡಕ್ಟರ್ ಚನ್ನಪ್ಪ ಬಾಗಿಲಿನಿಂದಲೇ ನಡುವೆ ಬಾಯಿ ಹಾಕಿದ. “ನಂದೂ ಇದೇ ಕಥೆ ಸ್ವಾಮಿ. ನಿಂತೂ ನಿಂತೂ ಬಂದದ್ದು. ನಮ್ಮ ಡ್ರೈವರ್‌ಗೂ ಐತೆ, ಅವನಿಗೆ ಕುಂತೂ ಕುಂತೂ ಬಂದದ್ದು. ಇನ್ನು ಮಲಗಿದೋರಿಗೆ ಬರಲ್ಲ ಅಂದ್ಕಂಡ್ರೆ, ನಮ್ಮ ಮಾವ ಮಲಗೇ ಇರ್ತಾನೆ, ಅವನೂ ಸೊಂಟ ಸೊಂಟ ಅಂತಾನೆ.”

ಬಸ್ಸು ನಕ್ಕಿತು. ಸುಂದರರಾಜನೂ ನಕ್ಕ, ಮತ್ತು ನಕ್ಕದ್ದಕ್ಕೆ ಸೊಂಟ ಅವನನ್ನು ಶಿಕ್ಷಿಸಿತು. ಉಳುಕು, ವಾಯು, ಶನಿ, ದೃಷ್ಟಿ: ಇವುಗಳಲ್ಲಿ ಯಾವುದಾದರೂ ಒಂದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ. ಈ ಜನ ಅವನ ಬೆನ್ನಿಗೆ ಒಂದೊಂದು ಹೆಸರಿಡುತ್ತಿದ್ದರು, ತೊಟ್ಟಿಲ ಸುತ್ತ ಕೂತವರು ಕೂಸಿಗೆ ಹೆಸರು ಹುಡುಕುವ ಹಾಗೆ. ಅವನಲ್ಲಿ ಮಾತ್ರ ಬೇರೊಂದು ಹೆಸರಿತ್ತು. ಅದನ್ನು ಅವನು ಹೆಂಡತಿ ಯದುಗಿರಿಗೂ ಹೇಳಿರಲಿಲ್ಲ. ಅವಳು ರಾತ್ರಿ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಇಡುವಾಗ, ಉಪ್ಪಿನ ಗಂಟಿನ ಶಾಖ ಕೊಡುವಾಗ, “ಇಲ್ಲೇನೇ? ಇನ್ನೂ ಕೆಳಗೇನೇ?” ಎಂದು ಕೇಳುತ್ತಿದ್ದರೆ, ಅವನು ಅವಳ ಬೆರಳು ಎಲ್ಲಾದರೂ ತಡೆದು ನಿಲ್ಲುತ್ತದೆಯೇ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಅವಳು ಮಲಗಿದ ಮೇಲೆ ತನ್ನ ಕೈಯನ್ನೇ ಹಿಂದಕ್ಕೆ ತಿರುಚಿ, ಬೆನ್ನುಮೂಳೆಯ ಒಂದೊಂದು ಗಂಟನ್ನೂ ಕತ್ತಲಲ್ಲಿ ತಡವಿಕೊಳ್ಳುತ್ತಿದ್ದ. ಅಣ್ಣ ಯೋಗನರಸಿಂಹನಿಗೂ ಮೊದಲು ಸೊಂಟ ನೋವೇ ಬಂದದ್ದು. ಉಳುಕು ಎಂದರು, ವಾಯು ಎಂದರು. ಸಂಧ್ಯಾವಂದನೆಗೆ ಕುಳಿತ ಅಣ್ಣನ ಬರಿಮೈಯನ್ನು ಹಿಂದಿನಿಂದ ನೋಡಿದಾಗ ಒಂದು ದಿನ ಬೆನ್ನಿನ ನಡುವೆ ಸಣ್ಣದೊಂದು ಗುಬಟು, ಒಳಗಿನಿಂದ ಯಾರೋ ಗೆಣ್ಣು ಮಡಚಿ ಚರ್ಮವನ್ನು ತಳ್ಳುತ್ತಿರುವಂತೆ. ಮೈಸೂರಿನಲ್ಲಿ ಫೋಟೋ ತೆಗೆದು ಬೆನ್ನುಮೂಳೆಗೆ ಕ್ಷಯ ಅಂದರು. ಮರುವರ್ಷ ಅಣ್ಣ ಇರಲಿಲ್ಲ. ಕ್ಷಯದವನು ದೇವರಿಗೂ ದೇವರ ಜನಕ್ಕೂ ಅನ್ನ ಬೇಯಿಸುವ ಹಾಗಿಲ್ಲ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಾನೇ ಮಡಪಳ್ಳಿಯ ಹೊಸ್ತಿಲು ಬಿಟ್ಟು ಇಳಿಯಬೇಕು. ತಾತ, ಅಪ್ಪ, ಆಮೇಲೆ ತಾನು. ಆ ಹೊಗೆ ಹಿಡಿದ ಅಡುಗೆಮನೆ ಬಿಟ್ಟರೆ ಲೋಕದಲ್ಲಿ ಎಲ್ಲಿ ನಿಲ್ಲಬೇಕು ಎನ್ನುವುದು ಅವನಿಗೆ ತಿಳಿಯದು.

ಹಾಗೆಂದೇ ಹುಚ್ಚಮ್ಮನ ಒದೆಗೂ ಒಪ್ಪಿದ್ದು. ಅವಳ ಒದೆಗೆ ನೋವು ಬಿಟ್ಟರೆ ಅದು ಉಳುಕು, ಉಳುಕಾದರೆ ಅಣ್ಣನದಲ್ಲ. ಮಡಪಳ್ಳಿಯ ಹಿತ್ತಿಲಲ್ಲಿ, ಸೌದೆ ಒಟ್ಟಿದ ಮೂಲೆಯಲ್ಲಿ, ಅವನು ಗೋಡೆಗೆ ಕೈಕೊಟ್ಟು ನಿಂತಿದ್ದ. ಬಾಳೆ ಎಲೆಯ ಕಟ್ಟು ಕೆಳಗಿಟ್ಟು ಬಂದ ಮುದುಕಿಗೆ ಮೊದಲು ಕಾಲೇ ಏಳಲಿಲ್ಲ. “ಬ್ಯಾಡ ಸ್ವಾಮಿ, ನೀವು ದೇವರ ತಾವ ಇರೋರು, ನನ್ನ ಕಾಲು ಸೇದೋಗ್ತದೆ,” ಎಂದಳು. ಅವನೇ ಬೇಡಿಕೊಂಡ. ಪೂರ್ವಕ್ಕೆ ಕೈಮುಗಿದು, ತಪ್ಪಾಯ್ತು ಅಂತ ಗಲ್ಲ ಬಡಿದುಕೊಂಡು, ಅವಳು ಒದ್ದಳು. ಬತ್ತಿದ ಕೆರೆಯಂಗಳದ ಹಾಗೆ ಬಿರಿದ ಹಿಮ್ಮಡಿ. ಅದರ ಒರಟುತನ ಬೆನ್ನಿಗೆ ತಾಕಿದ ಕ್ಷಣ ಒಳಗೆ ಏನೋ ಕಳಕ್ ಎಂದು ಸಡಿಲಿತು, ಅಳು ಬರುವಷ್ಟು ಹಗುರವಾಯಿತು. ಆಮೇಲೆ ನಡೆದದ್ದು ಅವನು ಯೋಚಿಸಿ ಮಾಡಿದ್ದಲ್ಲ. ಕಾಲುಗಳು ತಾವಾಗಿ ಬಾವಿಯ ಕಡೆ ನಡೆದವು, ಕೈಗಳು ತಾವಾಗಿ ನೀರು ಸೇದಿದವು. ದೇವರ ನೈವೇದ್ಯದ ತಳಿಗೆ ಒಯ್ಯಬೇಕಿತ್ತು, ಮೈಲಿಗೆಯಲ್ಲಿ ಒಯ್ಯುವುದು ಹೇಗೆ. ತಲೆಯ ಮೇಲೆ ಕೊಡ ಸುರಿದುಕೊಂಡು, ಕಣ್ಣಿನಿಂದ ನೀರು ಒರೆಸಿ ನೋಡಿದರೆ ಹುಚ್ಚಮ್ಮ ಅಲ್ಲೇ ನಿಂತಿದ್ದಳು, ಎಲೆ ಅಡಿಕೆಗೆ ಕಾಯುತ್ತ. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಆಶ್ಚರ್ಯವೂ ಇರಲಿಲ್ಲ. ಏನೂ ಇಲ್ಲದಿದ್ದ ಆ ಮುಖ ಅಂದಿನಿಂದ ಅವನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಸಂಜೆಗೆ ನೋವು ಮರಳಿತು, ಈ ಸಲ ಕಾಲಿಗೂ ಇಳಿಯಿತು. ಆ ಬಾವಿಯ ನೀರೇ ಒದೆಯ ಗುಣವನ್ನು ತೊಳೆದುಹಾಕಿರಬೇಕು ಎಂದು ಅವನಿಗೆ ಅನಿಸಿತು. ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹಳೇಬೀಡಿನಲ್ಲಿ ಬಸ್ಸು ನಿಂತಿತು. ಇಂಜಿನ್ನಿಗೆ ನೀರು ಬೇಕೆಂದು ಚನ್ನಪ್ಪ ಡಬ್ಬ ಹಿಡಿದು ಕೆರೆಯ ಕಡೆ ಹೋದ. ಕೂತೇ ಇದ್ದರೆ ಕಾಲು ಮರಗಟ್ಟುತ್ತದೆಂದು ಸುಂದರರಾಜನೂ ಇಳಿದ. ಇಳಿದವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಅರ್ಧ ಬಗ್ಗಿ, ತೊಡೆಯ ಮೇಲೆ ಕೈಯೂರಿ ನಿಂತೇ ಇದ್ದಾಗ, ಎದುರು ಜಗಲಿಯ ಮೇಲಿದ್ದ ಯಾರೋ ಹಿರಿಯರು ಇವನು ತಮಗೆ ನಮಸ್ಕರಿಸುತ್ತಿದ್ದಾನೆಂದು ತಿಳಿದು, ಗಡಿಬಿಡಿಯಲ್ಲಿ ಎದ್ದು, ಹೆಗಲ ಮೇಲಿನ ವಸ್ತ್ರ ತೆಗೆದು ಕೈಮುಗಿದರು. “ದೊಡ್ಡವರು ನೀವು, ನಮಗ್ಯಾಕೆ,” ಎಂದರು. ಅವನು ಮುಗುಳ್ನಕ್ಕ. ಬೇರೇನು ಮಾಡುವುದು. ಕೆರೆಯ ಮೇಲಿಂದ ತಂಪು ಗಾಳಿ ಬಂತು. ಕೊಕ್ಕರೆಗಳು ಒಂದೂ ಬೆನ್ನು ಬಗ್ಗಿಸದೆ ನಿಂತಿದ್ದವು. ಅವನಿಗೆ ಕೊಕ್ಕರೆಗಳ ಮೇಲೂ ಹೊಟ್ಟೆಕಿಚ್ಚಾಯಿತು.

ದೇವರ ತೆಂಗಿನಕಾಯಿಗೆ ಮಂಡಿಯವರನ್ನು ಕೇಳಿಬರಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟಿದ್ದ. ಅರಸೀಕೆರೆಯಲ್ಲಿ ಇಳಿದಾಗ ರೈಲಿನ ಹೊಗೆಯೂ ಕೊಬ್ಬರಿಯ ಎಣ್ಣೆವಾಸನೆಯೂ ಒಟ್ಟಿಗೆ ಮೂಗಿಗೆ ಹೊಡೆದವು. ಕರಿಬಸವಯ್ಯ, “ಉದ್ದು, ಮರೀಬೇಡಿ,” ಎಂದು ಬೆರಳೆತ್ತಿ ಎಚ್ಚರಿಸಿ ಹೋದ. ಸುಂದರರಾಜ ಬೀದಿಯ ನಡುವೆ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ. ಹುಚ್ಚಮ್ಮ ಸೊಪ್ಪಿನ ಗಂಟನ್ನು ಕಂಕುಳಿಗೆ ಏರಿಸಿಕೊಂಡು, ಹೋಗದೆ ನಿಂತಿದ್ದಳು. ಅವಳ ಮಗಳನ್ನು ಇದೇ ಊರಿನ ರೈಲ್ವೆ ಕೂಲಿಯವನಿಗೆ ಕೊಟ್ಟಿತ್ತು.

“ಕಾಯಿ ಮಂಡಿ ಆ ಕಡೆ ಸ್ವಾಮಿ.”

“ಗೊತ್ತು.”

“ಮತ್ತೆ ಈ ಕಡೆ ನೋಡ್ತಾ ಇದ್ದೀರಿ?”

“ಇಲ್ಲಿ ಯಾರೋ ಲೇಡಿ ಡಾಕ್ಟರು ಇದ್ದಾರಂತಲ್ಲ, ಮೂಳೆ ನೋವೆಲ್ಲ ಚೆನ್ನಾಗಿ ನೋಡ್ತಾರಂತೆ,” ಎಂದ ಅವನು, ಬೇರೆ ಯಾರಿಗೋ ಬೇಕಾಗಿದೆ ಎನ್ನುವ ಹಾಗೆ.

“ಲಲಿತಮ್ಮ ಡಾಕ್ಟ್ರಾ? ನನ್ನ ಮಗಳ ಹೆರಿಗೆ ಮಾಡ್ಸಿದ್ದು ಅವರೇ ಅಲ್ವಾ. ಮೊಮ್ಮಗನೂ ನನ್ನಂಗೆ ಕಾಲು ಮುಂದೆ ಮಾಡ್ಕಂಡು ಕುಂತಿದ್ದ. ಒಂದು ಜೀವಾನೂ ಬಿಟ್ಟುಕೊಡ್ಲಿಲ್ಲ ನೋಡಿ ಆವಮ್ಮ. ಬನ್ನಿ, ಬನ್ನಿ, ಹಿಂದೇನೇ ಬನ್ನಿ.”

ಅವಳು ಮುಂದೆ, ಅವನು ಹಿಂದೆ. ದಾರಿಯಲ್ಲಿ ಮಂಡಿಯ ಮುಂದೆ ಕೊಬ್ಬರಿ ಮೂಟೆ ಹೊರುವವರ ಸಾಲು. ಸುಂದರರಾಜ ಈಚೆಗೆ ಜನರ ಮುಖ ನೋಡುವುದನ್ನು ಬಿಟ್ಟಿದ್ದ, ಬೆನ್ನು ನೋಡುತ್ತಿದ್ದ. ಬೆವರಿನಲ್ಲಿ ಮಿನುಗುವ, ಮೂಟೆಯ ಒತ್ತಿಗೆ ಕೆಂಪಗೆ ಅಚ್ಚೊತ್ತಿದ ಬೆನ್ನುಗಳು. ಮುಂದೆ ಹುಚ್ಚಮ್ಮನ ಬೆನ್ನು, ಕುಪ್ಪಸವಿಲ್ಲದೆ ಸೆರಗು ಸುತ್ತಿದ್ದು, ಮುಪ್ಪಿನಲ್ಲೂ ಬಿದಿರ ಗಳುವಿನಂತೆ ನೆಟ್ಟಗೆ. ಆ ಬೆನ್ನನ್ನು ಹಿಡಿದುಕೊಂಡೇ ಅವನು ಪರವೂರಿನ ಬೀದಿಗಳನ್ನು ದಾಟಿದ. ಅವಳಿಗೆ ಸ್ನಾನದ ವಿಷಯ ಹೇಳಬೇಕು, ಏನಾದರೂ ಹೇಳಬೇಕು ಎಂದು ನಾಲಿಗೆಯ ತುದಿಗೆ ಬರುವುದು. ಹೇಳುವುದೇನು ಎಂದು ಅಲ್ಲೇ ನಿಲ್ಲುವುದು.

ಲಲಿತಮ್ಮ ಡಾಕ್ಟರ ಕೋಣೆಯಲ್ಲಿ ಫಿನಾಯಿಲ್ ವಾಸನೆ. ಐವತ್ತು ದಾಟಿದ ಹೆಂಗಸು, ಕನ್ನಡಕ, ಬಿಳಿ ಸೀರೆ, ಮಾತಿನಲ್ಲಿ ಮೈಸೂರು. ಅಂಗಿ ತೆಗೆಯಿರಿ ಎಂದಾಗ ಅವನಿಗೆ ವಿಚಿತ್ರ ಸಂಕೋಚವಾಯಿತು. ದಿನವೆಲ್ಲ ಬರಿಮೈಯಲ್ಲೇ ಇರುವವನು. ಆದರೂ ಆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾವ ಕುಲದವರೋ ತಿಳಿಯದ ಹೆಂಗಸಿನ ಮುಂದೆ ಅವನ ಬೆನ್ನು ತನ್ನದಲ್ಲದ್ದೊಂದು ವಸ್ತುವಿನ ಹಾಗೆ, ಒತ್ತೆಯಿಡಲು ತಂದ ಪಾತ್ರೆಯ ಹಾಗೆ ಕಂಡಿತು. ಅವರು ಬೆನ್ನು ಮುಟ್ಟುವ ಮೊದಲು ಬಹಳ ಹೊತ್ತು ಮಾತನ್ನೇ ಕೇಳಿದರು. ನೋವು ಎದ್ದಕೂಡಲೇ ಹೆಚ್ಚೋ, ಸಂಜೆಗೆ ಹೆಚ್ಚೋ. ಮಲಗಿದರೆ ಕಡಿಮೆಯಾಗುತ್ತದೋ, ಮಲಗಿದರೂ ಬಿಡುವುದಿಲ್ಲವೋ. ಕೆಮ್ಮಿದರೆ? ಸೀನಿದರೆ? ಕಾಲಿಗೆ ಇಳಿಯುತ್ತದೆಯೋ, ಇಳಿದರೆ ಎಲ್ಲಿಯವರೆಗೆ, ಬೆರಳಲ್ಲಿ ತೋರಿಸಿ. ಸಂಜೆ ಜ್ವರ ಬರುತ್ತದೆಯೋ. ಊಟ ಸೇರುತ್ತದೆಯೋ. ಮೈ ಇಳಿದಿದೆಯೋ. ಒಂದೆರಡಕ್ಕೆ ಹೋಗುವುದು ಸರಿಯಾಗಿದೆಯೋ. ಇಷ್ಟು ವರ್ಷದಲ್ಲಿ ಅವನ ಮೈಯನ್ನು ಕುರಿತು ಯಾರೂ ಇಷ್ಟು ಶ್ರದ್ಧೆಯಿಂದ ವಿಚಾರಿಸಿರಲಿಲ್ಲ.

“ಮನೇಲಿ ಯಾರಿಗಾದರೂ ಬೆನ್ನಿನ ಕಾಯಿಲೆ ಇತ್ತೇನ್ರೀ?”

ಅವನು ಗೋಡೆಯ ಕ್ಯಾಲೆಂಡರ್ ನೋಡಿದ. “ಇಲ್ಲ,” ಎಂದ. ಆಮೇಲೆ, “ಅಣ್ಣನಿಗೆ,” ಎಂದ. ಆಮೇಲೆ ತಡೆಯಲಾಗದೆ, “ಕ್ಷಯ. ಬೆನ್ನುಮೂಳೆಗೆ. ನನಗೂ ಅದೇ ಅಲ್ವೇ ಅಮ್ಮ? ಅದೇ ಅಂತ ನೀವು ಹೇಳಿಬಿಡಿ. ನಾನು ಅಡುಗೆಮನೆ ಬಿಟ್ಟುಬಿಡ್ತೀನಿ. ಇವತ್ತೇ ಬಿಡ್ತೀನಿ. ಎಷ್ಟು ಜನ ನನ್ನ ಕೈಯಲ್ಲಿ ಪ್ರಸಾದ ತಿಂದಿದ್ದಾರೋ.”

ಲಲಿತಮ್ಮ ಎದ್ದು ಬಂದರು. ಅವನ ಕುತ್ತಿಗೆಯ ಬುಡದಿಂದ ಹಿಡಿದು ಒಂದೊಂದು ಗಂಟಿನ ಮೇಲೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ ಇಳಿದರು, ತೆಂಗಿನಕಾಯಿ ಬಲಿತಿದೆಯೇ ಎಂದು ನೋಡುವವರ ಹಾಗೆ. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಕತ್ತಲಲ್ಲಿ ತಾನು ತಡವಿದ ಅದೇ ದಾರಿಯಲ್ಲಿ ಇನ್ನೊಬ್ಬರ ಕೈ, ಭಯವಿಲ್ಲದ ಕೈ, ಇಳಿಯುತ್ತಿತ್ತು. ಸೊಂಟದ ಹತ್ತಿರ ಎಡಕ್ಕೆ ಒತ್ತಿದಾಗ ಮಾತ್ರ ಅವನು ಹಲ್ಲು ಕಚ್ಚಿದ. ಅಂಗಾತ ಮಲಗಿಸಿ ಎಡಗಾಲಿನ ಹಿಮ್ಮಡಿ ಹಿಡಿದು, ಮಂಡಿ ಬಗ್ಗಿಸದೆ ಕಾಲನ್ನು ಮೇಲಕ್ಕೆತ್ತಿದರು. ಸ್ವಲ್ಪ ಏರುವುದರೊಳಗೆ ಆ ಕಾದ ತಂತಿ ಸರ್ರನೆ ಓಡಿತು. ಅವನು ಕೂಗಿದ. ಡಾಕ್ಟರಿಗೆ ಸಂತೋಷವಾದಂತಿತ್ತು. ಕಾಲ್ಬೆರಳು ಮೇಲಕ್ಕೆ ಮಾಡಿ ಎಂದರು, ಹಿಮ್ಮಡಿಯ ಮೇಲೆ ನಡೆಯಿರಿ ಎಂದರು, ಪಾದಕ್ಕೆ ಗುಂಡುಸೂಜಿಯ ತುದಿ ತಾಕಿಸಿ ಗೊತ್ತಾಗುತ್ತದೆಯೇ ಎಂದರು.

“ಒಬ್ಬಟ್ಟು ತಟ್ಟುತ್ತೀರಲ್ಲ,” ಎಂದರು ಕೊನೆಗೆ, ಕೈ ತೊಳೆಯುತ್ತ. “ಒಂದೇ ಕಡೆ ಒತ್ತಿದರೆ ಏನಾಗುತ್ತೆ?”

“ಆ ಕಡೆಯಿಂದ ಕಣಕ ಬಿರಿದು ಹೂರಣ ಆಚೆ ಬರುತ್ತೆ.”

“ನಿಮಗೆ ಆಗಿರೋದು ಅಷ್ಟೇ. ಮೂಳೆ ಮೂಳೆ ನಡುವೆ ಒಂದೊಂದು ಮೆತ್ತೆ ಇರುತ್ತೆ. ಒಂದು ಮೆತ್ತೆಯ ಹೂರಣ ಹಿಂದಕ್ಕೆ ಇಣುಕಿದೆ. ಅಲ್ಲಿ ಕಾಲಿಗೆ ಹೋಗೋ ನರ ಇದೆ, ಅದಕ್ಕೆ ತಗಲಿ ಉರೀತಾ ಇದೆ. ಕ್ಷಯದ ಬೆನ್ನು ಹೀಗೆ ಮಾತಾಡಲ್ಲ ಕಣ್ರೀ. ಅದು ಸಂಜೆ ಜ್ವರ ತರುತ್ತೆ, ಮಲಗಿದರೂ ಬಿಡಲ್ಲ, ತಟ್ಟಿದ ಜಾಗದಲ್ಲೇ ಕಿರುಚಿಸುತ್ತೆ. ಅಣ್ಣನಿಗೆ ಇತ್ತು ಅಂದ ಮೇಲೆ ಹಾಸನದಲ್ಲಿ ಒಂದು ಎಕ್ಸ್‌ರೇ ತೆಗೆಸಿಬಿಡೋಣ, ಬಿಡಬಾರದು. ಆದರೆ ನನ್ನ ಕೈಗೆ ಅದು ಅಲ್ಲ ಅಂತಲೇ ಅನಿಸ್ತಿದೆ. ಒಂದು ವೇಳೆ ಅದೇ ಆದರೂ ಈಗ ಸೂಜಿಮದ್ದು ಬಂದಿದೆ, ನಿಮ್ಮಣ್ಣನ ಕಾಲ ಅಲ್ಲ ಇದು.”

ಅವನು ಕೂತಲ್ಲೇ ಕೂತ. ಅಲ್ಲ ಅನ್ನುವ ಮಾತು ಕಿವಿಗೆ ಬಿತ್ತು, ಆದರೆ ಮನಸ್ಸಿಗೆ ತಲುಪಲು ಬಹಳ ದೂರ ನಡೆಯಬೇಕಿತ್ತು. ಅಷ್ಟರಲ್ಲಿ ಅವರು, “ಏನು ಭಾರ ಎತ್ತುತ್ತೀರಿ? ಎತ್ತಿ ತೋರಿಸಿ,” ಎಂದು ಮೂಲೆಯಲ್ಲಿದ್ದ ಬಕೆಟ್ಟಿಗೆ ಒಂದಿಷ್ಟು ನೀರು ಹಾಕಿಸಿ ಮುಂದಿಟ್ಟರು. ಅವನು ಎದ್ದ. ಕೈಗಳು ಅಭ್ಯಾಸದಂತೆ ಮುಂದೆ ಚಾಚಿಕೊಂಡವು. ಕಾಲು ನೆಟ್ಟಗೆ, ಸೊಂಟ ಬಗ್ಗಿಸಿ ಬಕೆಟ್ಟನ್ನು ಎತ್ತಿ, ತೋಳು ಎಷ್ಟು ಹೋಗುತ್ತದೋ ಅಷ್ಟು ದೂರ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಎರಡು ಹೆಜ್ಜೆ ನಡೆದ.

“ಯಾಕ್ರೀ ಹಾಗೆ, ಹಾವು ಹಿಡಿದೋರ ಥರ?”

“ತಳಿಗೆ ಅಮ್ಮ. ದೇವರಿಗೆ ಅರ್ಪಿಸೋ ಅನ್ನ. ಅರ್ಪಿಸೋ ತನಕ ಮೈಗೆ ತಗಲಬಾರದು. ಉಸಿರೂ ತಗಲಬಾರದು. ನಡುವೆ ಇಳಿಸೋ ಹಾಗೂ ಇಲ್ಲ, ಇನ್ನೊಬ್ಬರು ಕೈ ಹಾಕೋ ಹಾಗೂ ಇಲ್ಲ. ನಮ್ಮ ಮನೆತನದ ಪದ್ಧತಿ. ನಮ್ಮ ತಂದೆ ಹೀಗೇ ಒಯ್ಯುತ್ತಿದ್ದರು. ಅವರ ತಂದೇನೂ.”

“ಎಷ್ಟು ದೊಡ್ಡ ಪಾತ್ರೆ?”

ಅವನು ಎರಡು ತೋಳಿನಿಂದ ತಪ್ಪಲೆಯ ಸುತ್ತಳತೆ ತೋರಿಸಿದ. ಡಾಕ್ಟರು ಮೇಜಿನ ಮೇಲಿನ ದಪ್ಪ ಪುಸ್ತಕವೊಂದನ್ನು ಅವನ ಕೈಯಲ್ಲಿಟ್ಟು, ಎದೆಗೆ ಒತ್ತಿ ಹಿಡಿಯಿರಿ ಎಂದರು. ಆಮೇಲೆ ಕೈ ಚಾಚಿ ಹಿಡಿಯಿರಿ ಎಂದರು. ತೋಳು ನಡುಗುವ ಮೊದಲೇ ಸೊಂಟದಲ್ಲಿ ಅದರ ತೂಕ ಗೊತ್ತಾಯಿತು. “ಪುಸ್ತಕ ಅದೇ,” ಎಂದರು ಅವರು, “ದೂರ ಹಿಡಿದಷ್ಟೂ ಬೆನ್ನಿಗೆ ಭಾರ. ನಿಮ್ಮ ತಂದೆ ಬೆನ್ನು ನೆಟ್ಟಗಿತ್ತೇನ್ರೀ?”

ಅಪ್ಪನ ಬೆನ್ನು. ದೇವಸ್ಥಾನದ ಅಂಗಳದಲ್ಲಿ ಅಪ್ಪ ನಡೆದು ಬರುತ್ತಿದ್ದರೆ ಊರಿನ ಜನ ಮಕ್ಕಳಿಗೆ ತೋರಿಸುತ್ತಿದ್ದರು: ನೋಡಿ, ವಿನಯ ಅಂದರೆ ಅದು, ಸ್ವಾಮಿಯ ಎದುರಿಗೆ ಬಗ್ಗಿದ ಬೆನ್ನು ಮನೆಗೆ ಹೋದರೂ ನೆಟ್ಟಗಾಗುವುದಿಲ್ಲ, ಅಂಥ ಭಕ್ತಿ. ತಾತನೂ ಹಾಗೇ ಬಗ್ಗಿಯೇ ನಡೆಯುತ್ತಿದ್ದರಂತೆ. ಬಗ್ಗಿದ ಬೆನ್ನು ಅವರ ಮನೆಗೆ ಬಂದ ಆಸ್ತಿ. ಮದುವೆಯ ಮಾತುಕತೆಗೆ ಬಂದವರು ಅದನ್ನು ಹೊಗಳಿ ಹೋಗುತ್ತಿದ್ದರು. ತನ್ನ ಬೆನ್ನು ಇನ್ನೂ ಬಾಗಿಲ್ಲವಲ್ಲ, ತನ್ನಲ್ಲಿ ಭಕ್ತಿ ಸಾಲದೇನೋ ಎಂದು ಸುಂದರರಾಜ ಹರೆಯದಲ್ಲಿ ಕೊರಗಿದ್ದುಂಟು, ಬೇಕೆಂದೇ ಬಗ್ಗಿ ನಡೆದದ್ದುಂಟು. ರಾತ್ರಿ ಊಟವಾದ ಮೇಲೆ ಅಪ್ಪ ಕಂಬಕ್ಕೆ ಬೆನ್ನು ಒತ್ತಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಪ್ಪ ಧ್ಯಾನ ಮಾಡುತ್ತಿದ್ದಾರೆ, ಗಲಾಟೆ ಮಾಡಬೇಡಿ ಎನ್ನುತ್ತಿದ್ದಳು ಅಮ್ಮ. ಅಪ್ಪನ ಬಾಯಿಂದ ನೋವು ಅನ್ನುವ ಶಬ್ದ ಅವನು ಕೇಳಿರಲಿಲ್ಲ. ಆ ಹಳೆಯ ಕಂಬ, ಮುಚ್ಚಿದ ಕಣ್ಣು, ಮೀಸೆಯಿಲ್ಲದ ತುಟಿಯ ಮೇಲೆ ಬೆವರಿನ ಸಾಲು: ಈಗ, ಅರಸೀಕೆರೆಯ ಈ ಫಿನಾಯಿಲ್ ವಾಸನೆಯ ಕೋಣೆಯಲ್ಲಿ, ಅವನಿಗೆ ಅಪ್ಪ ಮೊದಲ ಸಲ ಕಂಡಂತಾಯಿತು.

“ನೆಟ್ಟಗಿರಲಿಲ್ಲ ಅಮ್ಮ,” ಎಂದ. “ಪಾಪ, ನೆಟ್ಟಗಿರಲಿಲ್ಲ.”

“ದೇವರ ಪದ್ಧತಿಗೆ ನಾನು ಬಾಯಿ ಹಾಕಲ್ಲ. ಆದರೆ ಬೆನ್ನಿನ ಪದ್ಧತಿ ಒಂದಿದೆ, ಅದನ್ನ ಹೇಳ್ತೀನಿ. ಮಂಡಿ ಬಗ್ಗಿಸಿ ಕೂರಿ, ಪಾತ್ರೇನ ಹೊಟ್ಟೆಗೆ ಅವಚಿ ಹಿಡೀರಿ, ಕಾಲಿನ ಬಲದಲ್ಲಿ ಏಳಿ. ಬೇಕಾದರೆ ನಡುವೆ ಒಂದು ಮಡಿ ವಸ್ತ್ರ ಕಟ್ಟಿಕೊಳ್ಳಿ. ಆಗಲ್ಲ ಅಂದರೆ ಚಿಕ್ಕ ಪಾತ್ರೆಯಲ್ಲಿ ನಾಲ್ಕು ಸಲ ಒಯ್ಯಿರಿ. ದೂರ ಹಿಡಿದು ಒಯ್ಯೋದು ಮಾತ್ರ ಮುಗೀತು. ಈಗ ಎರಡು ಮೂರು ದಿನ ಹಲಗೆ ಮೇಲೆ ಮಲಗಿ, ಮಂಡಿ ಕೆಳಗೆ ದಿಂಬು. ಆಮೇಲೆ ಎದ್ದು ಓಡಾಡಿ, ಮಲಗೇ ಇರಬೇಡಿ. ಒಂದು ತಿಂಗಳು ಭಾರ ಬೇಡ. ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ. ಕಾಲಿಗೆ ಬಲ ತಪ್ಪಿದರೆ, ಒಂದಕ್ಕೆ ಹೋಗೋದು ಕಟ್ಟಿದರೆ, ಆ ಕ್ಷಣ ಗಾಡಿ ಕಟ್ಟಿಸಿ. ಇಷ್ಟು ದಿನ ಏನೇನು ಮಾಡಿದಿರಿ?”

ಇಟ್ಟಿಗೆ, ಉಪ್ಪು, ಹರಳೆಣ್ಣೆ ಎಂದು ಹೇಳಿ ಅವನು ನಿಲ್ಲಿಸಿದ. ಬಾಗಿಲ ಸಂದಿಯಿಂದ ದನಿಯೊಂದು, “ಒದೇನೂ ಕೊಟ್ಟಿದ್ದೆ ಕಣವ್ವ,” ಎಂದಿತು. ಮಗಳ ಮನೆಗೆ ಹೋಗಿ ಸೊಪ್ಪು ಕೊಟ್ಟು ಹಿಂತಿರುಗಿದ್ದ ಹುಚ್ಚಮ್ಮ ಬಹಳ ಹೊತ್ತಿನಿಂದ ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದಳು.

“ನೀನಾ? ನಿನ್ನ ಮೊಮ್ಮಗ ಹೇಗಿದ್ದಾನೆ? ನೋಡು, ಇನ್ನು ಯಾರನ್ನೂ ಒದೀಬೇಡ. ಮೂಳೆ ಟೊಳ್ಳಾಗಿರೋರು ಸಿಕ್ಕಿದರೆ ಮುರಿದೇ ಹೋಗುತ್ತೆ.”

“ಒದ್ದಾಗ ಕಮ್ಮಿ ಆಯ್ತಲ್ಲವ್ವ. ಕೇಳು ಬೇಕಾದ್ರೆ.”

“ಆಯ್ತು,” ಎಂದ ಸುಂದರರಾಜ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. “ಅವತ್ತು ಮಧ್ಯಾಹ್ನ ಪೂರ್ತಿ ನೋವಿರಲಿಲ್ಲ. ಅಷ್ಟು ಹೊತ್ತು ಸುಖವಾಗಿದ್ದೆ.”

ಡಾಕ್ಟರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ ನಕ್ಕರು. “ಸುಖವಾಗಿದ್ದರೆ ಒಳ್ಳೇದೇ. ಆದರೂ ಒದೀಬೇಡ.”

ಸಂಜೆಯ ಬಸ್ಸಿನಲ್ಲಿ ಅವರಿಬ್ಬರಿಗೆ ಒಂದೇ ಸೀಟು ಸಿಕ್ಕಿತು. ಚನ್ನಪ್ಪನದೇ ಬಸ್ಸು, ಹುಚ್ಚಮ್ಮನ ಗಂಟಲಿನಿಂದ ಡಾಕ್ಟರ ವಿಷಯ ಆಗಲೇ ತಿಳಿದಿದ್ದ ಅವನು ಸುಂದರರಾಜನ ಬೆನ್ನಿನ ಹಿಂದೆ ಒಂದು ಗೋಣಿತಾಟು ಮಡಚಿ ಇಟ್ಟು, “ಏನಂದ್ರು ಸ್ವಾಮಿ, ನಿಂತು ಬಂದದ್ದೋ, ಕುಂತು ಬಂದದ್ದೋ?” ಎಂದು ಕೇಳಿದ. “ದೂರ ಹಿಡಿದು ಬಂದದ್ದಂತೆ,” ಎಂದ ಸುಂದರರಾಜ. ಚನ್ನಪ್ಪನಿಗೆ ಅರ್ಥವಾಗಲಿಲ್ಲ. ಅವನು ಟಿಕೆಟ್ ಹರಿಯಲು ಹೋದ. ನೋವು ಬೆಳಗ್ಗೆ ಇದ್ದಷ್ಟೇ ಇತ್ತು. ಅದೇ ಗುಂಡಿಗಳು, ಅದೇ ಕಾದ ತಂತಿ. ಆದರೆ ಅದರಲ್ಲಿ ಅಣ್ಣನಿರಲಿಲ್ಲ. ಬರಿಯ ನೋವು ಇಷ್ಟು ಹಗುರವೆಂದು ಅವನಿಗೆ ಗೊತ್ತಿರಲಿಲ್ಲ. ಬಾಣಾವರ ದಾಟಿ ಜಾವಗಲ್ಲಿನ ದಾರಿಗೆ ಬಂದಾಗ ಬಿಸಿಲು ತೆಂಗಿನ ಸಾಲಿನ ಹಿಂದೆ ಅಡ್ಡವಾಗಿ, ಬಸ್ಸಿನೊಳಗಿನ ಎಲ್ಲರ ಬೆನ್ನ ಮೇಲೂ ಬಿತ್ತು: ಡ್ರೈವರನ ಖಾಕಿ ಬೆನ್ನು, ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳ ಬೆನ್ನು, ಯಾರೋ ಮೇಷ್ಟರ ಕೋಟಿನ ಸವೆದ ಬೆನ್ನು. ಉದ್ದು ಬಿಡಿ ಎಂದ ಕರಿಬಸವಯ್ಯನ ಮೇಲೂ ಅವನಿಗೆ ಅಕ್ಕರೆ ಉಕ್ಕಿತು. ಒಬ್ಬೊಬ್ಬರೂ ತಮ್ಮ ಬೆನ್ನಿನಿಂದ ಕಿತ್ತು ಒಂದೊಂದು ಮದ್ದು ಅವನಿಗೆ ಕೊಟ್ಟಿದ್ದರು. ನಾಳೆ ತಪ್ಪಲೆಯನ್ನು ಹೊಟ್ಟೆಗೆ ಅವಚಿಕೊಳ್ಳಬೇಕು. ಅಂದರೆ, ನಾಳೆಯಲ್ಲ, ಒಂದು ತಿಂಗಳು ಕಳೆಯಬೇಕು, ಆಮೇಲೆ. ಅರ್ಚಕರು ಏನೆಂದಾರು? ಅನ್ನಲಿ. ಅಪ್ಪ ಇದ್ದಿದ್ದರೆ ಅಪ್ಪನಿಗೂ ಹೇಳಿಕೊಡುತ್ತಿದ್ದೆ, ಮಂಡಿ ಬಗ್ಗಿಸಿ ಅಪ್ಪ, ಹತ್ತಿರ ಹಿಡೀರಿ ಎಂದು. ಬಿಸಿ ತಪ್ಪಲೆಯ ಕಾವು ಹೊಟ್ಟೆಗೆ ತಗಲಿದರೆ ಹೇಗಿರುತ್ತದೋ. ಮೂರು ತಲೆಮಾರು ಬೇಯಿಸಿದ ಅನ್ನ, ಅದರ ಬಿಸಿ ಅವರ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಹುಚ್ಚಮ್ಮ,” ಎಂದ ಅವನು, ಕಿಟಕಿಯ ಕಡೆ ನೋಡುತ್ತ. “ಅವತ್ತು ನೀನು ಒದ್ದ ಮೇಲೆ ನಾನು ಸ್ನಾನ ಮಾಡಿದೆನಲ್ಲ. ನೀನು ಅಲ್ಲೇ ನಿಂತಿದ್ದೆ. ಅದು ನನಗೆ, ಏನು ಹೇಳಲಿ, ಮನಸ್ಸಿಗೆ ಒಂಥರಾ ಆಗಿದೆ.”

“ನೀವು ಸ್ನಾನ ಮಾಡಿದ್ದು ಒಳ್ಳೇದೇ ಆಯ್ತು ಸ್ವಾಮಿ. ನೋಡಿ ನಂಗೂ ಗ್ಯಾನ ಬಂತು. ದೇವರ ಅಡುಗೆಯೋರನ್ನ ಕಾಲಲ್ಲಿ ಒದ್ದಿದ್ದೀನಿ, ಪಾಪ ಹಂಗೇ ಮೈಮ್ಯಾಲೆ ಇಟ್ಕಂಡು ಮನೇಗೆ ಹೆಂಗೆ ಹೋಗ್ಲಿ ಅಂತ, ಸೀದಾ ಯಗಚಿ ಹೊಳೇಗೆ ಹೋದೆ. ಮೂರು ಮುಳುಗು ಹಾಕ್ದೆ. ನೀರು ಮಂಜು ಮಂಜಾಗಿತ್ತು. ಎಂಟು ದಿವಸ ಸೀತ ಆಗಿ ಮಲಗಿದ್ದೆ, ಎಲೆ ತರಲಿಲ್ಲ ನೋಡಿ, ನೀವು ಬೈಕಂಡಿರ್ತೀರಿ.”

ಸುಂದರರಾಜ ಅವಳ ಮುಖವನ್ನೇ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಅವನ ಒಳಗೆ ನಗೆ ಎಲ್ಲಿಂದಲೋ ಹೊರಟು, ಸೊಂಟವನ್ನು ಕೇಳದೆ, ಮೇಲಕ್ಕೆ ಬಂತು. ಸರಳು ಹಿಡಿದು, ಕಣ್ಣಲ್ಲಿ ನೀರು ಬರುವಂತೆ, ಅಯ್ಯೋ ಅಯ್ಯೋ ಎನ್ನುತ್ತ ನಕ್ಕ.

“ನಗಬ್ಯಾಡಿ ಸ್ವಾಮಿ, ಹೂರಣ ಆಚೆ ಬಂದಾತು,” ಎಂದಳು ಹುಚ್ಚಮ್ಮ.

“ಬೈದುಕೊಂಡಿದ್ದೆ ಕಣಮ್ಮ. ಎಲೆಗೆ ಬೇರೆಯೋರನ್ನ ಹೇಳಿಬಿಡ್ತೀನಿ ಅಂತಲೂ ಅಂದಿದ್ದೆ.”

“ಅಂದ್ರೆ ಅನ್ನಿ. ನಾಳೆ ತತ್ತೀನಿ.”

ಹಳೇಬೀಡು ಬರುವ ಹೊತ್ತಿಗೆ ಕತ್ತಲು ಕವಿಯುತ್ತಿತ್ತು. ಹುಚ್ಚಮ್ಮ ತೂಕಡಿಸತೊಡಗಿದಳು. ಅವಳ ತಲೆ ಒಮ್ಮೆ ಮುಂದಕ್ಕೆ ಬಿತ್ತು, ಒಮ್ಮೆ ಆಚೆಗೆ ವಾಲಿತು. ಆಮೇಲೆ ಒಂದು ತಿರುವಿನಲ್ಲಿ ಬಸ್ಸು ಎಡಕ್ಕೆ ಹೊರಳಿದಾಗ, ಬಂದು ಅವನ ಹೆಗಲ ಮೇಲೆ ನಿಂತಿತು. ಹರಳೆಣ್ಣೆ ಹಚ್ಚಿದ ನರೆಗೂದಲು, ಹೊಗೆಸೊಪ್ಪಿನ ವಾಸನೆ, ಒಂದು ಕಾಯಿಯಷ್ಟು ಭಾರ. ಅವನ ಮೈ ಒಂದು ಕ್ಷಣ ಗಟ್ಟಿಯಾಯಿತು. ಆಮೇಲೆ ಅವನು ಗೋಣಿತಾಟಿಗೆ ಬೆನ್ನು ಸರಿಯಾಗಿ ಆನಿಸಿ, ಅವಳ ತಲೆ ಜಾರದ ಹಾಗೆ ಹೆಗಲನ್ನು ಸ್ವಲ್ಪ ಎತ್ತಿ ಕೊಟ್ಟ. ಚನ್ನಪ್ಪ ಇಳಿಯುವವರು ಯಾರು ಎಂದು ಕೂಗಲು ಬಾಯಿ ತೆಗೆದಾಗ, ಅವನು ಬೆರಳನ್ನು ತುಟಿಯ ಮೇಲಿಟ್ಟು ತೋರಿಸಿದ.